ದನಿಹಾಸು

ಉಸಿರಾಡುವುದನ್ನೇ ಮರೆಯುವ ಕೂಸುಗಳಿರುತ್ತವೆ. ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಕೂಸುಗಳು. ಎಲ್ಲ ಸರಿಯಾಗಿ ನಡೆದಿರುವಾಗಲೇ ಅವುಗಳ ಎದೆ ಸುಮ್ಮನಾಗುತ್ತದೆ. ಯಾರಾದರೂ ಬೆನ್ನು ಸವರಿದರೆ, ಅಂಗಾಲು ತಟ್ಟಿದರೆ ಮತ್ತೆ ನೆನಪಾದಂತೆ ಉಸಿರೆಳೆದುಕೊಳ್ಳುತ್ತವೆ. ಹಿಂದೆ ಈ ಕೆಲಸವನ್ನು ನರ್ಸುಗಳು ಮಾಡುತ್ತಿದ್ದರು. ಆಮೇಲೆ ದನಿಹಾಸು ಬಂತು.

ದನಿಹಾಸು ಎಂದರೆ ಕೂಸಿನ ಕೆಳಗೆ ಹಾಸುವ ತೆಳುವಾದ, ಮೆತ್ತನೆಯ ಹಾಸಿಗೆ. ತಾಯಿ ತನ್ನ ಮನೆಯಲ್ಲಿ ಕೊರಳಿಗೆ ಒಂದು ಪಟ್ಟಿ ಕಟ್ಟಿಕೊಂಡು ಮಾತಾಡಿದರೆ ಅವಳ ದನಿ ಇಂಟರ್ನೆಟ್ಟಿನ ಮೂಲಕ ಬಂದು ಆ ಹಾಸಿಗೆಯಲ್ಲಿ ಸಣ್ಣಗೆ ಕಂಪಿಸುತ್ತದೆ. ಹೊಟ್ಟೆಯೊಳಗಿದ್ದಾಗ ಹೇಗೆ ಕೇಳಿಸುತ್ತಿತ್ತೋ ಹಾಗೆಯೇ ಕೂಸಿಗೆ ಕೇಳಿಸುತ್ತದೆ. ಗಾಜಿನ ಪೆಟ್ಟಿಗೆಯ ಹೊರಗೆ ನಿಂತವರಿಗೆ ಏನೂ ಕೇಳುವುದಿಲ್ಲ. ಆ ದನಿ ಇರುವಷ್ಟು ಹೊತ್ತು ಕೂಸಿನ ಉಸಿರು ತಪ್ಪುವುದಿಲ್ಲ. ಯಾಕೆ ಎಂದು ಕೇಳಿದರೆ ಡಾಕ್ಟರುಗಳು ಮಿದುಳಿನ ಯಾವುದೋ ಭಾಗದ ಹೆಸರು ಹೇಳುತ್ತಾರೆ. ಬಸಲಿಂಗವ್ವನನ್ನು ಕೇಳಿದ್ದರೆ, ಅವ್ವ ಕರೆಯುತ್ತಿದ್ದರೆ ಕೂಸು ಬಿಟ್ಟುಹೋಗುವುದಾದರೂ ಹೇಗೆ ಎನ್ನುತ್ತಿದ್ದಳು. ಎರಡೂ ಒಂದೇ ಮಾತು ಎಂದು ನನಗನಿಸುತ್ತದೆ.

ಬಸಲಿಂಗವ್ವ ನರಗುಂದದವಳು. ಅವಳ ಮಗಳು ಅಕ್ಷತಾ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಗಂಡು ಕೂಸನ್ನು ಹಡೆದಿದ್ದಳು, ಎರಡು ತಿಂಗಳು ಮೊದಲೇ. ಒಂದರ ಹಿಂದೊಂದು ಸೋಂಕು ಬಂದುಹೋದ ಮೇಲೆ ಅಂಥ ಕೂಸುಗಳ ವಾರ್ಡಿಗೆ ಹೊರಗಿನವರನ್ನು, ಹೆತ್ತ ತಾಯಿಯನ್ನೂ ಬಿಡುತ್ತಿರಲಿಲ್ಲ. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಿದ್ದ ಅಕ್ಷತಾಳನ್ನು ತವರಿಗೆ ಕಳಿಸಿದರು. ಜೊತೆಗೆ ಒಂದು ಕೊರಳಪಟ್ಟಿ ಕೊಟ್ಟರು. ಗಂಡ ಹಡಗಿನ ಕೆಲಸದವನು, ಸಮುದ್ರದ ನಡುವೆ ಎಲ್ಲೋ ಇದ್ದ. ಹೀಗಾಗಿ ಬಾಣಂತಿಗೆ ಅವ್ವ, ಕೂಸಿಗೆ ಬಾಣಂತಿಯ ದನಿ, ಇಷ್ಟೇ ಆ ಮನೆಯ ಬಲ.

ಅಕ್ಷತಾ ಮಾತಾಡಿದ್ದೇ ಮಾತಾಡಿದ್ದು. ಹಾಲು ಕಾಯಿಸಿದ್ದು, ಬೆಕ್ಕು ಮರಿ ಹಾಕಿದ್ದು, ಹಿತ್ತಲಿನ ಬದನೆ ಗಿಡಕ್ಕೆ ಹುಳ ಬಿದ್ದದ್ದು, ಎಲ್ಲ ವರದಿಯೂ ಹುಬ್ಬಳ್ಳಿಗೆ ಹೋಗುತ್ತಿತ್ತು. ಮಾತು ಮುಗಿದರೆ ಜೋಗುಳ. ಜೋಗುಳ ಮುಗಿದರೆ ಮತ್ತೆ ಬದನೆ ಗಿಡ. ಅವಳು ನಿದ್ದೆ ಹೋದಾಗ ಹಿಂದೆ ಆಡಿದ ಮಾತುಗಳನ್ನೇ ಕೊರಳಪಟ್ಟಿ ತಿರುಗಿ ಕಳಿಸುತ್ತಿತ್ತು.

ಆಸ್ಪತ್ರೆಯವರು ಮನೆಯವರಿಗೆಂದು ತೊಟ್ಟಿಲ ಪುಟ ಎಂಬುದನ್ನು ಮಾಡಿದ್ದರು. ಅದನ್ನು ತೆರೆದರೆ ಗಾಜಿನ ಪೆಟ್ಟಿಗೆಗಳ ಸಾಲು ಕಾಣುತ್ತಿತ್ತು. ಒಬ್ಬರ ಕೂಸು ಚೇತರಿಸಿಕೊಳ್ಳುವುದನ್ನು ನೋಡಿ ಇನ್ನೊಬ್ಬರಿಗೆ ಧೈರ್ಯ ಬರಲಿ ಎಂದು ಸಾಲನ್ನು ಎಲ್ಲರಿಗೂ ತೋರಿಸುತ್ತಿದ್ದರು. ಬೆರಳಿನಿಂದ ಚಿತ್ರದ ಮೇಲೆ ಹೂವಿಡಬಹುದಿತ್ತು, ಹೆಸರು ಬರೆಯಬಹುದಿತ್ತು. ಒಳ್ಳೆಯ ಉದ್ದೇಶವೇ. ಆದರೆ ಬಸಲಿಂಗವ್ವನಿಗೆ ಅದನ್ನು ಕಂಡು ದಿಗಿಲಾಯಿತು. ಹುಟ್ಟಿದ ಕೂಸನ್ನು ಐದು ದಿನ ಯಾರಿಗೂ ತೋರಿಸದ ಮನೆತನ ಅವಳದು. ಇಲ್ಲಿ ಗುರುತು ಪರಿಚಯವಿಲ್ಲದ ಮಂದಿಯೆಲ್ಲ ಬೆತ್ತಲೆ ಕೂಸನ್ನು ಹಗಲೂ ರಾತ್ರಿ ನೋಡುತ್ತಿದ್ದಾರೆ, ಅದರ ಮೈಮೇಲೆ ಒಂದು ಕಾಡಿಗೆಯ ಚುಕ್ಕೆಯೂ ಇಲ್ಲ.

ಅಕ್ಷತಾ ಮಧ್ಯಾಹ್ನ ಮಲಗಿದಾಗ ಅವಳು ಪುಟ ತೆರೆದು, ಕಪ್ಪು ಬಣ್ಣ ಆರಿಸಿ, ಮೊಮ್ಮಗನಿಗೆ ದೃಷ್ಟಿಬೊಟ್ಟು ಇಟ್ಟಳು. ಕೆನ್ನೆಯ ತುಂಬ ನಳಿಕೆ, ಅಂಟುಪಟ್ಟಿ. ಹೀಗಾಗಿ ಅಂಗಾಲಿಗೆ ಇಟ್ಟಳು. ಆಮೇಲೆ ಪಕ್ಕದ ಪೆಟ್ಟಿಗೆಯ ಕೂಸು ಕಣ್ಣಿಗೆ ಬಿತ್ತು. ತನ್ನದೊಂದಕ್ಕೇ ಇಟ್ಟು ಬಿಟ್ಟರೆ ಬಿದ್ದ ಕಣ್ಣೆಲ್ಲ ಅದರ ಮೇಲೆ ತಿರುಗುತ್ತದಲ್ಲ ಎಂದು ಅದಕ್ಕೂ ಇಟ್ಟಳು. ಹಾಗೇ ಸಾಲಿನ ಕೊನೆಯವರೆಗೂ ಹೋದಳು. ಸಂಜೆಗೆ ಯಂತ್ರ ಅವನ್ನೆಲ್ಲ ಕಸವೆಂದು ಒರೆಸಿ ಹಾಕಿತು. ಮರುದಿನ ಅವಳು ತುಸು ದೊಡ್ಡದಾಗಿ ಇಟ್ಟಳು. ಅದೂ ಅಳಿಸಿತು. ಅವಳೂ ಬಿಡುವವಳಲ್ಲ, ದಿನದಿನಕ್ಕೆ ಬೊಟ್ಟು ಬೆಳೆಯುತ್ತ ಹೋಯಿತು.

ಅದರಿಂದಾದ ಗೋಳು ಅವಳಿಗೆ ಗೊತ್ತಾಗುವಂತಿರಲಿಲ್ಲ. ಕೂಸುಗಳ ಮೈಬಣ್ಣ ನೋಡಿ ರಕ್ತದ ಓಡಾಟ ಅಳೆಯುವ ಯಂತ್ರ ಅದೇ ಚಿತ್ರವನ್ನು ಓದುತ್ತಿತ್ತು. ಅಂಗಾಲು ಕಪ್ಪಾಗಿದೆ ಎಂದು ಅದು ಕೂಗಿಕೊಂಡಾಗಲೆಲ್ಲ ನರ್ಸುಗಳು ಓಡುತ್ತಿದ್ದರು. ಬೇರೆ ಬೇರೆ ಊರುಗಳಲ್ಲಿ ಕುಳಿತ ತಂದೆತಾಯಿಗಳು ತಮ್ಮ ಕೂಸಿನ ಪಾದದಲ್ಲಿ ದಿನಕ್ಕಿಷ್ಟು ಬೆಳೆಯುವ ಕಪ್ಪು ಕಲೆ ಕಂಡು, ಸೂಜಿ ಚುಚ್ಚಿದ ಕಡೆ ರಕ್ತ ನಿಂತಿದೆ ಎಂದೇ ತಿಳಿದರು. ಹಾವೇರಿಯ ಕಡೆಯ ಒಬ್ಬ ತಂದೆ ಆಸ್ಪತ್ರೆಯ ಗೇಟಿಗೆ ಬಂದು, ಕಾಲು ಕತ್ತರಿಸುತ್ತೀರಾ ಎಂದು ಅಳುತ್ತ ಕುಳಿತನಂತೆ. ಯಾರೋ ವಿಕೃತರು ಕೂಸುಗಳ ಚಿತ್ರ ಕೆಡಿಸುತ್ತಿದ್ದಾರೆ ಎಂಬುದು ಕಡೆಗೆ ಎಲ್ಲರಿಗೂ ಖಚಿತವಾಯಿತು. ದೂರುಗಳು ಇಂಟರ್ನೆಟ್ ಕಂಪನಿಗೆ ಹೋದವು.

ಆ ಕಂಪನಿಯ ದೂರು ವಿಭಾಗ ಹುಬ್ಬಳ್ಳಿಯಲ್ಲೇ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಮಂದಾಕಿನಿ ಹಂಚಿನಾಳ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆದು. ಜಾಲದ ಮೇಲೆ ಕಿಡಿಗೇಡಿತನ ಮಿತಿಮೀರಿ, ಸತ್ತವರ ಭಾವಚಿತ್ರಗಳಿಗೂ ಕೋಡು ಬರೆಯುವ ಕಾಲ ಬಂದಾಗ ಸರ್ಕಾರ ಒಂದು ಕಾಯಿದೆ ತಂದಿತ್ತು. ಕೆಡಿಸಿದ್ದು ಯಾರ ಮನೆಯ ಲೈನಿನಿಂದ ಎಂದು ಪತ್ತೆಯಾದರೆ ಆ ಮನೆಯ ಲೈನನ್ನು ಕಂಪನಿಯೇ ನಿಲ್ಲಿಸಬೇಕು. ಪತ್ತೆ ಹಚ್ಚುವುದಕ್ಕೆ ಜಾಡುಯಂತ್ರವಿತ್ತು. ಎಷ್ಟೇ ಮುಸುಕು ಹಾಕಿಕೊಂಡು ಬಂದರೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಮನೆಬಾಗಿಲು ಮುಟ್ಟುತ್ತಿತ್ತು.

ಆದರೆ ಕೆಟ್ಟ ಚಿತ್ರವನ್ನು ಮಂದಾಕಿನಿ ನೋಡುವಂತಿರಲಿಲ್ಲ. ಮೊದಮೊದಲು ನೋಡುತ್ತಿದ್ದರು. ಆಗ ತಮ್ಮ ಜಾತಿಯವನೆಂದು ಬಿಟ್ಟರು, ತಮ್ಮ ಪಕ್ಷದವನೆಂದು ಬಿಟ್ಟರು ಎಂಬ ಗಲಾಟೆ ಎದ್ದು, ಪ್ರಕರಣ ಮುಗಿಯುವವರೆಗೆ ಏನನ್ನೂ ನೋಡದೆ, ಹೆಸರನ್ನೂ ಕೇಳದೆ ತೀರ್ಮಾನಿಸಬೇಕು ಎಂಬ ನಿಯಮವಾಯಿತು. ನ್ಯಾಯಕ್ಕಾಗಿ ಕಣ್ಣು ಮುಚ್ಚಿಸಿದರು. ಹೀಗಾಗಿ ಅವಳ ಮುಂದೆ ಬಂದದ್ದು ಇಷ್ಟೇ: ನವಜಾತ ಶಿಶುಗಳ ಚಿತ್ರಗಳಿಗೆ ಮಸಿ, ದಿನಾಲೂ, ಅಳಿಸಿದರೂ ಮತ್ತೆ, ಪ್ರತಿಸಲ ಇನ್ನಷ್ಟು ದೊಡ್ಡದಾಗಿ, ಮೂಲ, ನರಗುಂದದ ಒಂದು ಲೈನು.

ಮುಂದೆ ಎರಡು ಗುಂಡಿಗಳಿದ್ದವು. ಒಂದು, ಮೊದಲು ಮನೆಯವರನ್ನು ವಿಚಾರಿಸುವುದು. ಇನ್ನೊಂದು, ತಕ್ಷಣ ನಿಲ್ಲಿಸುವುದು. ಮಂದಾಕಿನಿ ಸಾಮಾನ್ಯವಾಗಿ ಮೊದಲನೆಯದನ್ನೇ ಒತ್ತುವವಳು. ಆವತ್ತು ಅವಳಿಗೆ ಮೈ ಉರಿಯಿತು. ಎಂಥ ಜನರಿರಬೇಕು ಇವರು, ಕಣ್ಣು ಬಿಡದ ಕೂಸುಗಳನ್ನೂ ಬಿಡುವುದಿಲ್ಲವಲ್ಲ ಎಂದು ಪಕ್ಕದ ಮೇಜಿನವರಿಗೆ ಹೇಳಿ, ಎರಡನೆಯದನ್ನು ಒತ್ತಿದಳು. ಆ ಕೂಸುಗಳಿಗಾಗಿಯೇ ಒತ್ತಿದಳು. ಆಮೇಲೆ ಎಷ್ಟೋ ಸಲ ಇದನ್ನೇ ನೆನೆದು ಅವಳು ಹಣೆ ಚಚ್ಚಿಕೊಂಡಿದ್ದಾಳೆ.

ನಿಲ್ಲಿಸಿದ ಲೈನಿನಲ್ಲಿ ಒಂದು ಸೂಚನೆ ಮಾತ್ರ ಓಡುತ್ತಿತ್ತು. ನನಗೆ ತಿಳಿಸಲೇ ಇಲ್ಲ ಎಂದು ಯಾರೋ ಕೋರ್ಟಿಗೆ ಹೋಗಿ ಗೆದ್ದಿದ್ದರಿಂದ, ಆ ಲೈನಿಗೆ ಜೋಡಿಸಿದ ಯಾವ ಯಂತ್ರ, ಅದು ಎಲ್ಲೇ ಇರಲಿ, ದನಿ ಬೇಡಿದರೂ, ಎಷ್ಟು ಸಲ ಬೇಡಿದರೂ ಸೂಚನೆ ನುಡಿಯಬೇಕೆಂದಿತ್ತು. ಯಂತ್ರದ ಕಂಠವಾದರೆ ನಮ್ಮ ಕಡೆಯ ಜನ ಬೈದು ಬಂದ್ ಮಾಡುತ್ತಾರೆಂದು ಕಂಪನಿಯವರು ಮಂದಾಕಿನಿಯ ದನಿಯಲ್ಲೇ ಅದನ್ನು ಮುದ್ರಿಸಿದ್ದರು. ಕೇಳಿದವರಿಗೆ ಸಿಟ್ಟು ಬರಬಾರದು, ಹಟ ಮಾಡುವ ಮಗುವಿಗೆ ಹೇಳುವ ಹಾಗೆ ಹೇಳಮ್ಮ ಎಂದಿದ್ದರು ಮ್ಯಾನೇಜರು. ಅವಳು ಹಾಗೆಯೇ ಹೇಳಿದ್ದಳು.

"ನಮಸ್ಕಾರ. ನಿಮ್ಮ ಸಂಪರ್ಕವನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ. ನೀವು ಏನಾದರೂ ಹೇಳುವುದಿದ್ದರೆ ಕೇಳಲು ನಾವಿದ್ದೇವೆ. ದಯವಿಟ್ಟು ಸಮಾಧಾನದಿಂದಿರಿ."

ನರಗುಂದದಲ್ಲಿ ಅದನ್ನು ಮೊದಲು ಕೇಳಿದವಳು ಬಸಲಿಂಗವ್ವ. ಪಡಸಾಲೆಯ ಸ್ಪೀಕರು ಒಮ್ಮೆಲೇ ಮಾತಾಡಿತು. ಯಾರೋ ಚಿತ್ರ ಕೆಡಿಸಿದ್ದಕ್ಕೆ ಹೀಗಾಗಿದೆ ಎಂಬ ಸಂದೇಶವೂ ಬಂತು. ತಾನು ಕೆಡಿಸಿದವಳೆಂದು ಅವಳ ಮನಸ್ಸಿಗೆ ಬರಲೇ ಇಲ್ಲ. ಕಾಯ್ದವಳು ಕೆಡಿಸಿದವಳು ಹೇಗಾಗುತ್ತಾಳೆ? ಯಾರದೋ ತಪ್ಪು ತಮ್ಮ ಮೇಲೆ ಬಂದಿದೆ ಎಂದುಕೊಂಡಳು. ಅವಳ ಚಿಂತೆಯೇ ಬೇರೆ ಇತ್ತು. ಕೂಸಿಗೆ ದನಿ ಮುಟ್ಟುತ್ತಿಲ್ಲ ಎಂದು ಗೊತ್ತಾದರೆ ಬಾಣಂತಿ ಗಾಬರಿಯಾಗುತ್ತಾಳೆ, ಬಾಣಂತಿ ಗಾಬರಿಯಾದರೆ ಎದೆಹಾಲು ಬತ್ತುತ್ತದೆ. ಹಡೆದ ಮನೆಯಲ್ಲಿ ಕೆಟ್ಟ ಸುದ್ದಿ ಆಡಬಾರದೆಂದು ಅವಳ ಅವ್ವ ಕಲಿಸಿದ್ದಳು.

ಅವಳು ಸ್ಪೀಕರಿನ ಪ್ಲಗ್ ಕಿತ್ತಳು. ಪಕ್ಕದ ಮನೆಗೆ ಹೋಗಿ ಅವರ ಫೋನಿನಿಂದ ಆಸ್ಪತ್ರೆಗೆ ಕೇಳಿದಳು. ಕೂಸು ಆರಾಮಾಗಿದೆ, ಉಸಿರಾಟ ಮೊದಲಿಗಿಂತ ಚೆನ್ನಾಗಿದೆ ಎಂದರು. ಅವಳ ಜೀವ ತಣ್ಣಗಾಯಿತು. ಕಂಪನಿಗೂ ಫೋನ್ ಮಾಡಿ ನಾವೇನೂ ಕೆಡಿಸಿಲ್ಲ ಎಂದು ಹೇಳಿದಳು. ಸರದಿ ಬಂದಾಗ ವಿಚಾರಿಸುತ್ತೇವೆ ಎಂಬ ಉತ್ತರ ಬಂತು. ಕೂಸು ಚೆನ್ನಾಗಿದೆಯಲ್ಲ, ಲೈನು ಬಂದಾಗ ಬರಲಿ ಎಂದು ಮನೆಗೆ ಬಂದು, ಚಿತ್ರ ತೋರಿಸುವುದನ್ನು ಆಸ್ಪತ್ರೆಯವರೇ ನಿಲ್ಲಿಸಿದ್ದಾರೆ, ದನಿ ಮಾತ್ರ ಹೋಗುತ್ತದೆ ಎಂದು ಮಗಳಿಗೆ ಹೇಳಿದಳು. ಬಾಣಂತಿಯ ಕಣ್ಣಿಗೆ ಆಗದೆಂದು ಅವಳ ಫೋನನ್ನು ಮೊದಲೇ ಮೇಲಿಟ್ಟಿದ್ದಳು. ಕೊರಳಪಟ್ಟಿಯನ್ನು ತಾನೇ ಕಟ್ಟುತ್ತಿದ್ದಳು, ಲೈನಿಲ್ಲವೆಂದು ಹೊತ್ತಿಕೊಂಡಿದ್ದ ಅದರ ಕೆಂಪು ದೀಪ ಕುತ್ತಿಗೆಯ ಹಿಂದೆ ಬರುವ ಹಾಗೆ.

ಅಕ್ಷತಾ ಮಾತಾಡುತ್ತಲೇ ಇದ್ದಳು. ಬೆಕ್ಕಿನ ಮರಿ ಕಣ್ಣು ಬಿಟ್ಟಿದ್ದನ್ನು ಹೇಳಿದಳು. ಅಪ್ಪನ ಹಡಗು ಈಗ ಯಾವ ಬಂದರು ಮುಟ್ಟಿರಬಹುದು ಎಂದು ಹೇಳಿದಳು. ನೀನು ಬಂದ ಮೇಲೆ ನಾನು ಹೀಗೆ ಎತ್ತಿಕೊಳ್ಳುತ್ತೇನೆ ಎಂದು ಎರಡೂ ಕೈ ಮಡಿಸಿ ತೋರಿಸಿದಳು, ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದೂ. ತಿಂಗಳಿಗೂ ಹೆಚ್ಚು ಕಾಲ ಆಡಿದ ಆ ಮಾತುಗಳು ನಾಲ್ಕು ಗೋಡೆ ದಾಟಲಿಲ್ಲ. ಬರೆಯುವಾಗ ನನಗೇ ಸಂಕಟವಾಗುತ್ತದೆ.

ಇತ್ತ ವಾರ್ಡಿನಲ್ಲಿ ಡಾಕ್ಟರ್ ಇನಾಮದಾರ ಅವರು ನರಗುಂದದ ಕೂಸಿನ ಉಸಿರಿನ ಗೆರೆ ನೋಡಿ ಖುಷಿಪಡುತ್ತಿದ್ದರು. ಅದರ ಪೆಟ್ಟಿಗೆಯ ಮೇಲೆ ದನಿ ಬರುತ್ತಿದೆ ಎಂಬ ಹಸಿರು ಗುರುತು ಆರಿದ್ದೇ ಇಲ್ಲ. ಬೇರೆ ತಾಯಂದಿರು ದಣಿಯುತ್ತಾರೆ, ಅಳುತ್ತಾರೆ, ನಡುವೆ ಸುಮ್ಮನಾಗುತ್ತಾರೆ. ಈ ತಾಯಿಯ ದನಿ ಮಾತ್ರ ಒಂದೇ ಸಮ, ಗಡಿಯಾರದ ಹಾಗೆ. ತಾಯಂದಿರಿಗೆ ತಿಳಿಹೇಳುವಾಗ ಅವರು ನರಗುಂದದ ಅಕ್ಷತಾಳ ಉದಾಹರಣೆ ಕೊಡುತ್ತಿದ್ದರು. ದನಿಹಾಸಿನಲ್ಲಿ ಏನು ಕೇಳಿಸುತ್ತಿದೆ ಎಂದು ಕಿವಿಯಿಟ್ಟು ಕೇಳುವ ಪದ್ಧತಿ ಇರಲಿಲ್ಲ. ತಾಯಿ ಮಗುವಿನ ಮಾತು ಗುಟ್ಟಾಗಿರಲಿ ಎಂದು ಅದನ್ನು ಬಿಟ್ಟಿದ್ದರು.

ಕೂಸು ತೂಕ ಹಿಡಿಯಿತು. ಬಸಲಿಂಗವ್ವನ ಸರದಿ ಬರುವ ಮೊದಲೇ ಶಿಕ್ಷೆಯ ಅವಧಿ ಮುಗಿದು ಲೈನು ತಾನಾಗಿಯೇ ಬಂತು. ಅದಾದ ಕೆಲವೇ ದಿನಗಳಿಗೆ ಕೂಸೂ ಮನೆಗೆ ಬಂತು.

ಅಕ್ಷತಾ ಎತ್ತಿಕೊಂಡಳು, ತೋರಿಸಿದ್ದಳಲ್ಲ, ಹಾಗೆಯೇ. ಮಾತಾಡಿದಳು. ಕೂಸು ಅವಳ ಮುಖವನ್ನು ನೋಡಲಿಲ್ಲ. ಅತ್ತಿತು. ಹೊಸ ಜಾಗ, ಹೊಂದಿಕೊಳ್ಳಲಿ ಎಂದರು ಎಲ್ಲರೂ. ವಾರಗಳು ಹೋದರೂ ಅದು ಹೊಂದಿಕೊಳ್ಳಲಿಲ್ಲ. ಮೊಲೆಗೆ ಹಾಕಿದರೆ ಅರ್ಧ ಕುಡಿದು ತಲೆ ತಿರುಗಿಸುವುದು, ಯಾರನ್ನೋ ಹುಡುಕುವ ಹಾಗೆ ಕತ್ತಲ್ಲಿ ಹೊರಳುವುದು. ಅವಳು ಜೋಗುಳ ಹಾಡಿದರೆ ಇನ್ನೂ ಜೋರಾಗಿ ಅಳುವುದು. ಆಸ್ಪತ್ರೆಯಲ್ಲಿ ನನ್ನ ದನಿ ಕೇಳಿದರೆ ಉಸಿರಾಡುತ್ತಿದ್ದ, ಈಗ ಯಾಕೆ ಹೀಗೆ ಎಂದು ಅಕ್ಷತಾ ಕೇಳಿದಾಗ ಬಸಲಿಂಗವ್ವ ಮುಖ ತಪ್ಪಿಸಿದಳು.

ಒಂದು ದಿನ ಕಸ ಗುಡಿಸುವಾಗ ಬಸಲಿಂಗವ್ವ ಸ್ಪೀಕರಿನ ಪ್ಲಗ್ ಮತ್ತೆ ಹಾಕಿದಳು. ಪ್ಲಗ್ ಕಿತ್ತಾಗ ಒಳಗೇ ಉಳಿದಿದ್ದ ಸೂಚನೆಯನ್ನು ಅದು ಮೊದಲು ಒಪ್ಪಿಸಿತು. ನಮಸ್ಕಾರ. ನಿಮ್ಮ ಸಂಪರ್ಕವನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ. ತೊಟ್ಟಿಲಿನಲ್ಲಿ ಕಿರುಚುತ್ತಿದ್ದ ಕೂಸು ಥಟ್ಟನೆ ಸುಮ್ಮನಾಯಿತು. ಸ್ಪೀಕರಿನ ಕಡೆಗೆ ಕತ್ತು ತಿರುಗಿಸಿತು. ದಯವಿಟ್ಟು ಸಮಾಧಾನದಿಂದಿರಿ ಎನ್ನುವಷ್ಟರಲ್ಲಿ ಅದರ ಮುಷ್ಟಿ ಬಿಚ್ಚಿ, ಕಣ್ಣು ಮುಚ್ಚಿಕೊಂಡಿತು. ಮನೆಗೆ ಬಂದ ಮೇಲೆ ಅದು ಹಾಗೆ ನಿದ್ದೆ ಹೋದದ್ದು ಅದೇ ಮೊದಲು.

ಬಸಲಿಂಗವ್ವ ಅಲ್ಲೇ ಕುಸಿದು ಕುಳಿತು ಎಲ್ಲವನ್ನೂ ಹೇಳಿದಳು. ಪ್ಲಗ್ ಕಿತ್ತದ್ದು, ಕೆಂಪು ದೀಪ, ಪಕ್ಕದ ಮನೆಯ ಫೋನು. ಅಕ್ಷತಾ ಅವ್ವನನ್ನು ಬೈಯಲಿಲ್ಲ. ತನ್ನ ಕೊರಳನ್ನು ಮುಟ್ಟಿಕೊಂಡಳು. ಆಮೇಲೆ ಕೂಸು ಎದ್ದು ಮತ್ತೆ ಅಳತೊಡಗಿದಾಗ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕಂಪನಿಗೆ ಫೋನ್ ಮಾಡಿದಳು.

ಫೋನೆತ್ತಿದವಳು ಮಂದಾಕಿನಿ. ಆ ಕಡೆ ಕೂಸಿನ ಅಳು ಕೇಳುತ್ತಿತ್ತು. ನಮಸ್ಕಾರ, ಹೇಳಿ ಎಂದಳು. ಅಳು ನಿಂತುಹೋಯಿತು. ಆ ಕಡೆಯಿಂದ ಯಾರೂ ಮಾತಾಡದ್ದರಿಂದ ಹಲೋ ಹಲೋ ಎಂದಳು. ಆಗ ಒಬ್ಬ ಹೆಂಗಸಿನ ದನಿ ಬಂತು.

"ಆ ಲೈನ್ ಬಂದ್ ಮಾಡಿದಾಗ ಮಾತಾಡ್ತಿದ್ರಲ್ರಿ, ಅವರು ನೀವ ಏನ್ರಿ?"

ಹೌದು ಎಂದಳು ಮಂದಾಕಿನಿ. ಆ ಹೆಂಗಸು ತಡೆತಡೆದು ಎಲ್ಲ ಹೇಳಿದಳು. ಮಂದಾಕಿನಿ ವಿಚಾರಿಸುತ್ತೇನೆ ಎಂದು ಫೋನಿಟ್ಟು, ಆ ಲೈನಿನಲ್ಲಿ ಸೂಚನೆ ಎಲ್ಲೆಲ್ಲಿ ನುಡಿದಿತ್ತು ಎಂದು ತೆಗೆದು ನೋಡಿದಳು. ಮನೆಯ ಸ್ಪೀಕರಿನಲ್ಲಿ ಆರಂಭದಲ್ಲಿ ಒಂದು ಸಲ, ಈಗ ಮತ್ತೊಂದು ಸಲ. ಉಳಿದದ್ದೆಲ್ಲ ಆಸ್ಪತ್ರೆಯ ಒಂದು ದನಿಹಾಸಿನಲ್ಲಿ. ಹಾಸು ಬಿಡದೆ ದನಿ ಬೇಡಿತ್ತು, ಲೈನು ಬಿಡದೆ ಸೂಚನೆ ಕೊಟ್ಟಿತ್ತು. ಹಗಲೂ ರಾತ್ರಿ, ಆ ಪೆಟ್ಟಿಗೆಯೊಳಗೆ ತಾನೊಬ್ಬಳೇ ಮಾತಾಡಿದ್ದಳು. ಕೂಸು ತನ್ನ ದನಿ ಹಿಡಿದುಕೊಂಡೇ ಉಸಿರಾಡಿತ್ತು.

ಪ್ರಕರಣ ಮುಗಿದಿದ್ದರಿಂದ ಈಗ ಚಿತ್ರ ನೋಡುವುದಕ್ಕೆ ಅಡ್ಡಿಯಿರಲಿಲ್ಲ. ತೆರೆದಳು. ಸಾಲು ಕೂಸುಗಳು, ಒಂದೊಂದರ ಅಂಗಾಲಿನ ನಡುವೆಯೂ ದುಂಡಗಿನ ಕಪ್ಪು ಬೊಟ್ಟು. ಮೊದಲ ದಿನದ್ದು ಸಾಸಿವೆಯಷ್ಟು. ಮಂದಾಕಿನಿ ಚಿಕ್ಕವಳಿದ್ದಾಗ ಅವಳ ಅವ್ವ ಶಾಲೆಯ ಗ್ಯಾದರಿಂಗಿನಲ್ಲಿ ಅವಳು ಕುಣಿಯುವ ದಿನ, ಗೆಳತಿಯರು ನಗಬಾರದೆಂದು, ಇದೇ ಜಾಗದಲ್ಲಿ ಕಾಡಿಗೆ ಹಚ್ಚಿ ಚಪ್ಪಲಿ ಹಾಕಿಸುತ್ತಿದ್ದಳು. ಒಂದೇ ಒಂದು ಸಲ ಕಣ್ಣಿಗೆ ಬಿದ್ದಿದ್ದರೆ ಸಾಕಿತ್ತು. ನಕ್ಕು, ಫೋನ್ ಮಾಡಿ, ಅಮ್ಮಾ, ಹಾಗೆ ಮಾಡಬೇಡಿ, ಯಂತ್ರಕ್ಕೆ ತಿಳಿಯುವುದಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಮಂದಾಕಿನಿ ಕುಳಿತಲ್ಲೇ ಅತ್ತಳು.

ರಜೆ ಹಾಕಿ ನರಗುಂದಕ್ಕೆ ಹೋದಳು. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಅಳು ಬೀದಿಗೆ ಕೇಳುತ್ತಿತ್ತು. ಬಾಗಿಲಲ್ಲಿ ನಿಂತು, ಕರೆಯಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಬಾಗಿಲು ಬಡಿದಳು. ಬಸಲಿಂಗವ್ವ ಬಂದು, ಯಾರೆಂದು ಕೇಳಿದರೂ ಉತ್ತರಿಸದ ಹೆಂಗಸನ್ನು ಕಂಡು ಕೂಡಲೇ ಅರ್ಥ ಮಾಡಿಕೊಂಡಳು. ಒಳಗೆ ಕರೆದು ಚಾಪೆ ಹಾಸಿದಳು, ನೀರು ತಂದಿಟ್ಟಳು.

ಅಕ್ಷತಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು. ಕಣ್ಣ ಕೆಳಗೆ ಕಪ್ಪು. ಮಂದಾಕಿನಿ ಕೈ ಮುಗಿದಳು.

"ಮಾತಾಡ್ರಿ," ಎಂದಳು ಅಕ್ಷತಾ. "ಅಂವಗ ನಿಮ್ಮ ದನಿ ಬೇಕಾಗೇತಿ. ಅತ್ತು ಅತ್ತು ಸೋತಾನ."

"ತಪ್ಪಾತ್ರಿ," ಎಂದಳು ಮಂದಾಕಿನಿ. "ನೋಡಬೇಕಾಗಿತ್ತು. ನೋಡ್ಲಿಲ್ಲ."

ಕೂಸು ತಾಯಿಯ ಹೆಗಲಿನಿಂದ ತಲೆಯೆತ್ತಿತು. ಬಂದವಳ ಕಡೆಗೆ ತಿರುಗಿ, ತುಟಿ ಅಗಲಿಸಿ ನಕ್ಕಿತು. ಅದು ಅದರ ಮೊದಲ ನಗೆ. ಬಸಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಷತಾಳಿಗೆ ನಗೆ ಕಾಣಲಿಲ್ಲ, ಕೂಸಿನ ಮುಖ ಆಚೆಗಿತ್ತು. ಆದರೆ ಎದುರಿನವಳ ಕಣ್ಣು ತುಂಬಿದ್ದು ನೋಡಿ ಏನಾಯಿತೆಂದು ಅವಳಿಗೆ ತಿಳಿಯಿತು.

ಮಂದಾಕಿನಿ, ನೀವು ಹೇಳಿದಾಗಲೆಲ್ಲ ಬರುತ್ತೇನೆ, ಬೇಕಾದರೆ ನಿಮ್ಮ ಜೋಗುಳವನ್ನೇ ನನ್ನ ದನಿಯಲ್ಲಿ ಮುದ್ರಿಸಿ ಕೊಡುತ್ತೇನೆ ಎಂದಳು. ಅಕ್ಷತಾ ತಲೆಯಾಡಿಸಿದಳು.

"ಬ್ಯಾಡ್ರಿ. ಅದನ್ನ ನನಗ ಕಲಸ್ರಿ. ಎಲ್ಲಿ ನಿಂದರ್ತೀರಿ, ಎಲ್ಲಿ ಎಳೀತೀರಿ, ಅಷ್ಟ ಹೇಳಿಕೊಡ್ರಿ ಸಾಕು."

ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕುಳಿತರು. ನಮಸ್ಕಾರ ಎಂದು ಮಂದಾಕಿನಿ ಹೇಳಿದಳು, ಅಕ್ಷತಾ ಹೇಳಿದಳು. ಸದ್ಯಕ್ಕೆ ಎನ್ನುವಲ್ಲಿ ದನಿ ತುಸು ಇಳಿಯಬೇಕು, ಸಮಾಧಾನ ಎನ್ನುವಲ್ಲಿ ಧಾ ಉದ್ದ. ಮಂದಾಕಿನಿ ಪ್ರತಿಸಲವೂ ಸಣ್ಣ ದನಿಯಲ್ಲಿ, ಇನ್ನೂ ಸಣ್ಣ ದನಿಯಲ್ಲಿ ಹೇಳುತ್ತ ಹೋದಳು. ಕಡೆಗೆ ತುಟಿ ಮಾತ್ರ ಆಡಿಸಿದಳು. ಕೂಸು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ, ಮುಖ ಕಿವುಚಿ, ಅಳಲೋ ಬೇಡವೋ ಎಂದು ಹಾಗೇ ಉಳಿಯಿತು.

ಅಕ್ಷತಾ ಅದನ್ನು ತೊಟ್ಟಿಲಿಗೆ ಹಾಕಿ ತೂಗತೊಡಗಿದಳು. ತೂಗುತ್ತ ತೂಗುತ್ತ, ಆಡುತ್ತಿದ್ದ ಮಾತಿಗೆ ತಾನೇ ತಾನಾಗಿ ಜೋಗುಳದ ಧಾಟಿ ಬಂದು ಕೂಡಿತು. "ನಿಮ್ಮ ಸಂಪರ್ಕವನ್ನು... ಸದ್ಯಕ್ಕೆ... ನಿಲ್ಲಿಸಲಾಗಿದೆ... ಹೇಳುವುದಿದ್ದರೆ... ಕೇಳಲು ನಾವಿದ್ದೇವೆ..." ಹಾಡುತ್ತ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ಕೂಸಿನ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು.

ಮಂದಾಕಿನಿ ಸದ್ದಾಗದಂತೆ ಎದ್ದಳು. ಬಸಲಿಂಗವ್ವ ಅವಳ ಹಣೆಗೆ ಕುಂಕುಮ ಹಚ್ಚಿದಳು. ಮಂದಾಕಿನಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಯಾರ ಮನೆಯಿಂದ ಹೊರಟರೂ ಹೋಗಿ ಬರ್ತೀನ್ರಿ ಎಂದು ಹೇಳಿಯೇ ಹೊರಡಬೇಕೆಂದು ಕಲಿತು ಬೆಳೆದವಳು ಅವಳು. ಹೇಳಿದರೆ ಕೂಸು ತಿರುಗುತ್ತದೆ. ಏನೂ ಹೇಳದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದಳು.